ಉಪ್ಪಿಲ್ಲದವರ ಗೇಟ್

ಓದುಗರಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ ಬಸ್ಸು ನಿಲ್ಲುವ ಒಂದು ಜಾಗಕ್ಕೆ ನಮ್ಮ ಮನೆತನದ ಹೆಸರಿದೆ. ನನ್ನ ಮುತ್ತಜ್ಜಿಯವರು ಒಂದು ಮದುವೆಯ ಸಾರಿಗೆ ಉಪ್ಪು ಹಾಕಲು ಮರೆತರಂತೆ. ಅಂದಿನಿಂದ ನಾವು ಉಪ್ಪಿಲ್ಲದವರು. ರಸ್ತೆಗೆ ಬಸ್ಸು ಬಂದ ಮೇಲೆ ನಮ್ಮ ಹೊಲದ ಎದುರಿನ ನಿಲುಗಡೆಯೂ ಉಪ್ಪಿಲ್ಲದವರ ಗೇಟ್ ಆಯಿತು.

“ಉಪ್ಪಿಲ್ದೋರು ಯಾರವ್ವ, ಬಿರ್‍ನೆ ಇಳೀರಿ!” ಎಂದು ಕಂಡಕ್ಟರ್ ಕೂಗಿದರೆ ಇಡೀ ಬಸ್ಸು ನಗುತ್ತದೆ. ನನ್ನ ತಾಯಿಯವರು ತಲೆ ತಗ್ಗಿಸಿ ಇಳಿಯುತ್ತಾರೆ.

“ಉಪ್ಪು ಮರ್ತೋರು ಆ ಅಜ್ಜಿ, ಅನ್ನುಸ್ಕೊಳೋಳು ನಾನು. ಆ ಹೆಸ್ರ ತೆಗುಸ್ಬುಡು ಕಣಪ್ಪ” ಎಂದು ಅವರು ಹೇಳಿದ್ದರಿಂದ, ಹೆಸರು ಬದಲಾವಣೆ ಕೋರಿ ಅರ್ಜಿ ಬರೆದು ತಾಲ್ಲೂಕು ಕಚೇರಿಗೆ ಅಲೆದೆ.

ನಾಲ್ಕನೆಯ ಸಲ ಗುಮಾಸ್ತರು ಅರ್ಜಿ ಓದಿದರು. “ಕಾರಣನೇ ಬರ್ದಿಲ್ವಲ್ಲ ಸಾರ್. ಈ ಹೆಸ್ರು ಎಂಗೆ ಬಂತು ಅಂತ ಬರೀರಿ. ಅದ್ನ ನೋಟೀಸ್ ಮಾಡಿ ಗೇಟ್ನಲ್ಲೇ ಅಂಟುಸ್ತೀವಿ. ಜನ ಓದಿ ಆಕ್ಷೇಪಣೆ ಹೇಳ್ಬೇಕಲ್ಲ.”

ಹೊರಗಿನ ಬೆಂಚಿನಲ್ಲಿ ಕುಳಿತು ‘ಕಾರಣ’ ಎಂದು ಬರೆದೆ. ಮುಂದೆ ಬರೆಯಲಾಗಲಿಲ್ಲ. ಜನ ಈಗ ನಗುವುದು ಹೆಸರಿಗೆ ಮಾತ್ರ. ಸಾರಿನ ಸಂಗತಿ ನಮ್ಮ ಮನೆಯವರನ್ನು ಬಿಟ್ಟು ಯಾರಿಗೂ ನೆನಪಿಲ್ಲ. ಅದನ್ನು ಮೊಹರು ಹಾಕಿ ಕಂಬಕ್ಕೆ ಅಂಟಿಸಿರೆಂದು ನಾನೇ ಕೋರಬೇಕಾಗಿತ್ತು. ಅರ್ಜಿ ಮಡಚಿಕೊಂಡು ವಾಪಸಾದೆ.

ತಾಯಿಯವರು ಎಲ್ಲವನ್ನೂ ಕೇಳಿ, “ಓಗ್ಲಿ ಬುಡು. ಒಂದ್ ಸ್ಟಾಪ್ ಹಿಂದೇನೇ ಇಳ್ಕೊಂಡು ನಡ್ಕೊಂಡ್ ಬತ್ತೀನಿ” ಎಂದರು.

ಈಗ ಹಾಗೆಯೇ ಮಾಡುತ್ತಾರೆ. ಸಂತೆಯ ದಿನ ಅವರ ಚೀಲ ಹೊರಲು ಅಲ್ಲಿಯವರೆಗೆ ನಾನು ನಡೆದುಹೋಗುತ್ತೇನೆ.