ಸಂಜೆಯೂ ತೆರೆದ ಡಿಸ್ಪೆನ್ಸರಿ

ಎಪ್ಪತ್ತರ ದಶಕ. ನಾನು ಹೈಸ್ಕೂಲಿನಲ್ಲಿದ್ದೆ. ಅಮ್ಮ ಬೆಳಿಗ್ಗೆ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಕದ್ರಿಯ ಗುಡ್ಡ ಹತ್ತಿ ಮನೆಮನೆಗೆ ಮಾರುತ್ತಿದ್ದಳು. ಕುದ್ರೋಳಿಯ ಕಡೆಗಿದ್ದ ನಮ್ಮ ಮನೆಗೆ ಮರಳುವಾಗ ಎರಡು ಗಂಟೆ. ಕೇರಿಯ ಸರಕಾರಿ ಡಿಸ್ಪೆನ್ಸರಿ ಹನ್ನೆರಡಕ್ಕೇ ಬಾಗಿಲು ಹಾಕುತ್ತಿತ್ತು. ಬುಟ್ಟಿ ಹೊರುವ ಹೆಂಗಸರ ಪಾಲಿಗೆ ಅದು ಇದ್ದೂ ಇಲ್ಲದ ಹಾಗೆ.

ಆ ವರ್ಷ ಅಮ್ಮನಿಗೆ ಹಿಡಿದ ಕೆಮ್ಮು ಬಿಡಲೇ ಇಲ್ಲ. ಆಗ ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದ ಚಿಕ್ಕಮ್ಮನ ಕಾಗದ ಬಂತು. ಅಮ್ಮನಿಗೆ ಓದು ಬಾರದು; ನಾನೇ ಓದಿ ಹೇಳಿದೆ. ಅಲ್ಲಿ ಬಸ್ಸು ಓಡಿಸುವವನೂ ಬ್ಯಾಂಕಿನ ಮ್ಯಾನೇಜರನೂ ಒಂದೇ ವಾರ್ಡಿನಲ್ಲಿ ಮಲಗುತ್ತಾರಂತೆ. ಖರ್ಚೆಲ್ಲ ಸರಕಾರದ್ದಂತೆ, ಅದೂ ಜನ ಕಟ್ಟಿದ ತೆರಿಗೆಯಿಂದಲೇ ಅಂತೆ.

"ಹಾಗಾದ್ರೆ ಅದು ದಾನ ಅಲ್ಲ," ಎಂದಳು ಅಮ್ಮ. "ಮಾರ್ಕೆಟಿನಲ್ಲಿ ನಾವೂ ಸುಂಕ ಕಟ್ಟುದಿಲ್ವಾ? ಡಿಸ್ಪೆನ್ಸರಿ ಸಂಜೆಯೂ ತೆರೀಬೇಕು ಅಂತ ನೀನೊಂದು ಅರ್ಜಿ ಬರಿ."

ಮನೆಯಲ್ಲಿ ತುಳು ಆಡುವ ನನಗೆ ಅರ್ಜಿಯ ಕನ್ನಡ ಕೂಡಿಸುವುದೇ ಒಂದು ಪರೀಕ್ಷೆಯಾಯಿತು. ಕೇರಿಯ ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತಿದರು. ಮರುದಿನ ಅಮ್ಮ ಮಾರಾಟ ಬಿಟ್ಟು, ನನ್ನನ್ನೂ ಕರೆದುಕೊಂಡು ಆರೋಗ್ಯ ಕಚೇರಿಗೆ ಹೋದಳು. ಅಧಿಕಾರಿ ಓದಿ ಹುಬ್ಬೇರಿಸಿದರು.

"ಧರ್ಮಕ್ಕೆ ಮದ್ದು ಸಿಗ್ತದಲ್ಲಮ್ಮ. ಒಂದು ದಿನ ಬೇಗ ಬಂದ್ರೆ ಆಗುದಿಲ್ವಾ?"

"ಧರ್ಮಕ್ಕೆ ಎಂತ ಸ್ವಾಮೀ? ಅದರಲ್ಲಿ ನಮ್ಮ ಸುಂಕವೂ ಉಂಟು. ನಾನು ಬೇಗ ಬಂದ್ರೆ ಮೀನು ಹಾಳಾಗ್ತದೆ. ನಿಮ್ಮ ಡಾಕ್ಟ್ರು ಸಂಜೆ ಕೂತ್ರೆ ಎಂತ ಹಾಳಾಗ್ತದೆ?"

ಅಧಿಕಾರಿ ನಕ್ಕುಬಿಟ್ಟರು. ಬರೆದದ್ದು ಯಾರೆಂದು ಕೇಳಿದರು. ನಾನು ಕೈ ಎತ್ತಿದೆ. ಒಂದು ಕಾಗುಣಿತದ ತಪ್ಪು ತಿದ್ದಿ, "ಮೇಲೆ ಕಳಿಸ್ತೇನೆ," ಎಂದು ಸಹಿ ಹಾಕಿದರು.

ಅಮ್ಮ ಇನ್ನೂ ಮೂರು ಸಲ ಹೋಗಿ ಕೇಳಿದ ಮೇಲೆ ಆದೇಶ ಬಂತು. ಡಿಸ್ಪೆನ್ಸರಿಯ ಬಾಗಿಲಿಗೆ ಹೊಸ ಬೋರ್ಡು ಬಿತ್ತು: ಸಂಜೆ ಮೂರರಿಂದ ಐದು. ಮೊದಲ ದಿನ ಸಾಲು ರಸ್ತೆಯವರೆಗೂ ಬೆಳೆಯಿತು. ಜಗಲಿ ತುಂಬ ಖಾಲಿ ಬುಟ್ಟಿಗಳು. ಕಂಪೌಂಡರ್ ಮೂಗು ಮುಚ್ಚಿಕೊಂಡ. ಯಾರೂ ಕೇರ್ ಮಾಡಲಿಲ್ಲ. ಮೊದಲ ಚೀಟಿ ಅಮ್ಮನದು. ಆ ಮದ್ದಿಗೇ ಅವಳ ಕೆಮ್ಮು ತಿಂಗಳೊಳಗೆ ವಾಸಿಯಾಯಿತು.

ಆ ಮೊದಲ ದಿನ ಮಾತ್ರ ಮದ್ದಿನ ಬಾಟಲಿ ಹಿಡಿದು ಹೊರಬಂದವಳು ಮನೆಗೆ ಹೊರಡಲೇ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಗಲಿಯಲ್ಲಿ ನಿಂತು ಕೂಗಿದಳು:

"ದೂಡಬೇಡಿ ಮಾರಾಯ್ರೆ, ಐದರವರೆಗೆ ಉಂಟು! ನಾಳೆಯೂ ಉಂಟು!"