ನನ್ನನ್ನು ಬಚ್ಚಿಟ್ಟ ದೊಡ್ಡವ್ವ

ದೊಡ್ಡವ್ವನ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಯಾವಾಗಲೂ ಯಾರದೋ ಒಂದು ಕೂದಲು ಸಿಕ್ಕಿಕೊಂಡಿರುತ್ತಿತ್ತು. ಉಣ್ಣುವಾಗಲೂ. ಕೊಪ್ಪಳದ ಪಕ್ಕದ ಭಾಗ್ಯನಗರದ ಅವಳ ಪಡಸಾಲೆಯಲ್ಲಿ ಎಂಟು ಹೆಂಗಸರು ಕೂತು, ಹಳ್ಳಿಗಳಿಂದ ಚೀಲಗಟ್ಟಲೆ ಬರುತ್ತಿದ್ದ ಉದುರಿದ ಕೂದಲಿನ ಉಂಡೆಗಳನ್ನು ವಿಗ್ ಮಾಡುವವರಿಗಾಗಿ ಎಳೆ ಎಳೆಯಾಗಿ ಬಿಡಿಸುತ್ತಿದ್ದರು. ಯಜಮಾನಿ ಅವಳೇ. ನನಗೆ ರಕ್ತಸಂಬಂಧಿಯಲ್ಲ, ಅವ್ವನ ತವರೂರಿನ ಗೆಳತಿ, ಅಪ್ಪನಿಗೆ ಗೊತ್ತೇ ಇಲ್ಲದವಳು. ಅದಕ್ಕೇ ಅವ್ವ ನನ್ನನ್ನು ಅಲ್ಲಿಗೆ ಕಳಿಸಿದ್ದು.

ಕೊಪ್ಪಳ ಜಿಲ್ಲೆಯಾದ ಮರುವರ್ಷದ ಮಾತು. ನನಗೆ ಹದಿನೈದು. ಹತ್ತನೆಯ ತರಗತಿಯ ಪರೀಕ್ಷೆಗೆ ಒಂದೂವರೆ ತಿಂಗಳಿತ್ತು. ಅಪ್ಪ ಅದಕ್ಕೂ ಮೊದಲೇ ತನ್ನ ಅಕ್ಕನ ಮಗನ ಜೊತೆ ನನ್ನ ಲಗ್ನ ಗೊತ್ತುಮಾಡಿದ್ದ. ನಮ್ಮೂರು ಇರಕಲ್ಲಗಡದಲ್ಲಿ ಅವ್ವ ನನ್ನನ್ನು ಪುಸ್ತಕದ ಚೀಲದ ಸಮೇತ ಬಸ್ಸು ಹತ್ತಿಸಿದಳು.

ದೊಡ್ಡವ್ವನಿಗೂ ನನಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ನನ್ನ ಚಪ್ಪಲಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಕಿಟಕಿಯ ಹತ್ತಿರ ಸುಳಿಯುವಂತಿಲ್ಲ, ಜೋರಾಗಿ ಓದುವಂತಿಲ್ಲ.

“ನೀ ನಮ್ಮಪ್ಪಗಿಂತ ಏನೂ ಕಡಿಮಿ ಇಲ್ಲ” ಎಂದೆ.

“ಅವನಕಿಂತ ಒಂದ್ ಕೈ ಹೆಚ್ಚ ಅದೀನಿ. ಉಣ್ಣ ಬಾ.”

ಅತ್ತರೂ ಅಷ್ಟೇ. “ಅಳೂದಿದ್ರ ಬಚ್ಚಲಕ್ಕ ಹೋಗು. ಇಲ್ಲಿ ಕೂದಲಾ ಹಸಿ ಆಕ್ಕಾವು.” ಸಮಾಧಾನ ಹೇಳುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಅವ್ವನ ಮೇಲೂ ನನಗೆ ಸಿಟ್ಟಿತ್ತು. ಬಂದರೆ ಅಪ್ಪ ಬೆನ್ನು ಹತ್ತುತ್ತಾನೆಂದು ಗೊತ್ತಿದ್ದರೂ, ಒಮ್ಮೆಯಾದರೂ ಬಂದು ನೋಡಲಿಲ್ಲವಲ್ಲ ಎಂದು ಹಲ್ಲು ಕಡಿಯುತ್ತಿದ್ದೆ.

ಕೂದಲಿಗೆ ಬದಲಾಗಿ ಸ್ಟೀಲಿನ ಪಾತ್ರೆ ಕೊಡುತ್ತ ಹಳ್ಳಿ ಸುತ್ತುವ ವ್ಯಾಪಾರಿ ವಾರಕ್ಕೊಮ್ಮೆ ಬರುತ್ತಿದ್ದ. ಅವನು ಬಂದರೆ ನಾನು ಒಳಗಿರಬೇಕು. ಒಂದು ಮಧ್ಯಾಹ್ನ ಅವನು ಚೀಲ ಸುರಿದಾಗ ಬಾಗಿಲ ಸಂದಿಯಿಂದ ನೋಡಿದೆ. ರಾಶಿಯಲ್ಲಿ ಹಸಿರು ದಾರ ಸುತ್ತಿದ ಉಂಡೆಗಳಿದ್ದವು. ತಲೆ ಬಾಚಿದ ಮೇಲೆ ಉದುರಿದ ಕೂದಲನ್ನು ಸುತ್ತಿ, ಹಳೆ ಸೀರೆಯ ಹಸಿರು ಎಳೆ ಬಿಗಿದು ಗೋಡೆಯ ಸಂದಿಗೆ ತುರುಕಿಡುವುದು ನಮ್ಮವ್ವನ ರೂಢಿ. ನಮ್ಮೂರಲ್ಲಿ ಹಾಗೆ ದಾರ ಕಟ್ಟುವವಳು ಅವಳೊಬ್ಬಳೇ. ಉಂಡೆಗಳಲ್ಲಿ ಬಿಳಿಗೂದಲು ಹೆಚ್ಚಾಗಿತ್ತು. ತಡೆಯಲಾಗಲಿಲ್ಲ. ಹೊರಗೆ ಓಡಿಬಂದು ಅವನನ್ನು ಕೇಳಿಬಿಟ್ಟೆ: “ಈ ಹಸಿರ ದಾರಾ ಕಟ್ಟಾಕಿ, ನಮ್ಮವ್ವ, ಹೆಂಗದಾಳ?”

ಅವನು ನನ್ನನ್ನೇ ನೋಡಿ ಹೊರಟುಹೋದ. ದೊಡ್ಡವ್ವ ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

ಅವನ ಬಾಯಿಂದಲೇ ಸುದ್ದಿ ಊರಿಗೆ ಮುಟ್ಟಿರಬೇಕು, ಮೂರನೆಯ ದಿನ ಬೆಳಿಗ್ಗೆ ಅಪ್ಪ, ಜೊತೆಗೆ ಅತ್ತೆಯ ಮಗ, ಬಾಗಿಲಿಗೆ ಬಂದರು.

“ನಮ್ಮ ಹುಡುಗಿ ಇಲ್ಲಿ ಅದಾಳಂತ” ಅಂದ ಅಪ್ಪ.

ದೊಡ್ಡವ್ವ ಕೂತಲ್ಲಿಂದ ಏಳಲಿಲ್ಲ. “ಅದಾಳ್ರಿ. ಬಚ್ಚಿಟ್ಟಾಕಿ ನಾನ.” ಆಮೇಲೆ ನನ್ನನ್ನು ಕೂಗಿದಳು. “ಬಾ ಹೊರಗ. ದಿನಾ ನನ್ನ ಮುಂದ ಒದರತಿದ್ದೆಲ್ಲ, ಇವತ್ತ ಇವರ ಮುಂದ ಒದರು.”

ಹಿಡಿದುಕೊಟ್ಟಳಲ್ಲ ಎನಿಸಿತು.  ಆ ಸಿಟ್ಟಿಗೇ ಬಾಯಿ ಬಂತು: “ನಾ ಲಗ್ನಾ ಆಗಂಗಿಲ್ಲ. ಪರೀಕ್ಷಾ ಬರಿತೀನಿ.”

ಅಪ್ಪ ಕೈ ಎತ್ತಿದ. ದೊಡ್ಡವ್ವ ಈಗ ಎದ್ದಳು. ಅವಳ ಹಿಂದೆ ಎಂಟೂ ಹೆಂಗಸರು, ಮಡಿಲ ಕೂದಲು ಕೊಡವಿಕೊಂಡು ಎದ್ದರು. “ಕೈ ಇಳಸ್ರಿ ಯಜಮಾನ್ರ. ಆಕಿ ಹೇಳಿದ್ದು ನಿಮಗ ಕೇಳಿಸ್ತಿಲ್ಲೋ?”

ಬೈಯುತ್ತಲೇ ಅವರು ಹೋದರು. ನಾನು ಪರೀಕ್ಷೆ ಬರೆದೆ. ಅಷ್ಟೂ ದಿನ ದೊಡ್ಡವ್ವ ಕೆಲಸ ಬಿಟ್ಟು ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಬಿಸಿಲಲ್ಲಿ ಕೂತಿದ್ದಳು. ಹೇಗೆ ಬರೆದೆ ಎಂದು ಒಂದು ದಿನವೂ ಕೇಳಲಿಲ್ಲ.

ಹೋದ ವರ್ಷ ತೀರಿಕೊಂಡಳು. ಅವಳಿಗೆ ನಾನು ಕೊನೆಯವರೆಗೂ ಹಿಡಿಸಲೇ ಇಲ್ಲ. ಹಿಡಿಸದ ಹುಡುಗಿಗಾಗಿ ಬಾಗಿಲಲ್ಲಿ ನಿಂತಳು, ಅದೇ ನನಗೆ ದೊಡ್ಡದು.

ನಾನೀಗ ಕುಷ್ಟಗಿಯಲ್ಲಿ ಶಿಕ್ಷಕಿ. ನನ್ನ ಮನೆಯ ಒಳಕೋಣೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಅವಳ ಲಗ್ನ ಮುಂದಿನ ವಾರವಂತೆ. ಮೂರು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ನಾನು ಕೆಟ್ಟವಳಂತೆ. ಆಗಲಿ. ಅವಳಪ್ಪ ಹುಡುಕಿಕೊಂಡು ಬರುತ್ತಿದ್ದಾನೆಂದು ನಿನ್ನೆ ಯಾರೋ ಹೇಳಿದರು.

ಬರಲಿ.