ಬಚ್ಚಲೊಲೆಯ ಪರೀಕ್ಷೆ

"ನೀರು ಹದವಾಗಿ ಕಾದಿದೆ, ಮೊದ್ಲು ಸ್ನಾನ ಮಾಡ್ಕಂಡ್ ಬನ್ನಿ," ಎಂದು ಕಳಸ ಪೇಟೆಯಿಂದ ಬಂದಿದ್ದ ನನ್ನ ಗಿರಾಕಿಯನ್ನು ಅತ್ತೆ ಉಪಚರಿಸುತ್ತಿದ್ದರು. ಗಿರಾಕಿ ಬಂದದ್ದು ತಮ್ಮ ಹೋಂಸ್ಟೇಗೆಂದು ಮಾಡಲು ಹೇಳಿದ್ದ ಲ್ಯಾಂಪ್ ಸ್ಟ್ಯಾಂಡ್ ಒಯ್ಯಲು. ಕಿತ್ತ ಹಳೆ ಕಾಫಿಗಿಡದ ಬೊಡ್ಡೆಗಳನ್ನು ಕೆತ್ತಿ ದೀಪ ಮಾಡಿ ಮಾರುವ ನನ್ನ ಉದ್ಯಮಕ್ಕೆ ಅಂದು ಸರಿಯಾಗಿ ಒಂದು ವರ್ಷ. ಅವರ ಬೊಡ್ಡೆಯನ್ನು ಹದಿನೈದು ದಿನ ಉಜ್ಜಿದ್ದೆ, ಬಲ್ಬು ಕೂರಿಸುವುದಷ್ಟೇ ಬಾಕಿ. ಆದರೆ ಜಗಲಿಯಲ್ಲಿ ಬೊಡ್ಡೆಯೇ ಇರಲಿಲ್ಲ. ಅನುಮಾನ ಬಂದು ಬಚ್ಚಲಿಗೆ ಓಡಿದೆ. ಬಲ್ಬಿನ ಹಂಗೇ ಇಲ್ಲದೆ ನನ್ನ ಕಲೆ ಒಲೆಯೊಳಗೆ ದೇದೀಪ್ಯಮಾನವಾಗಿ ಬೆಳಗುತ್ತಿತ್ತು.

"ಕಾಫಿ ಬೊಡ್ಡೆ ಅಲ್ವೇನೇ? ಒಳ್ಳೆ ಒಣಗಿತ್ತು ಮಾರಾಯ್ತಿ, ಹೊಗೆನೇ ಬರ್ಲಿಲ್ಲ," ಎಂದರು ಅತ್ತೆ. ಇಡೀ ವರ್ಷದಲ್ಲಿ ನನ್ನ ಕೆಲಸಕ್ಕೆ ಅವರಿಂದ ಸಿಕ್ಕ ಮೊದಲ ಮೆಚ್ಚುಗೆ ಅದು. ತಮ್ಮ ದೀಪದಲ್ಲೇ ಕಾದ ನೀರಿನಲ್ಲಿ ಮಿಂದ ಪುಣ್ಯಾತ್ಮರು ಕಡುಬು ತಿಂದು, ನಕ್ಕು, ಇನ್ನೊಂದಕ್ಕೆ ಹೇಳಿ ಹೋದರು.

ಮೊದಲ ವರ್ಷದ ಯಶಸ್ಸಿನ ಗುಟ್ಟೇನೆಂದು ಈಗ ಕೇಳುವವರಿದ್ದಾರೆ. ಬಹಳ ಸುಲಭ. ಕೆತ್ತಿ ಮುಗಿಸಿದ್ದನ್ನು ಸೌದೆ ರಾಶಿಯ ಪಕ್ಕವೇ ಇಡುತ್ತೇನೆ. ಮರುದಿನ ಬೆಳಿಗ್ಗೆ ಅಲ್ಲೇ ಇದ್ದರೆ ಅದು ಮಾರಾಟಕ್ಕೆ, ಇಲ್ಲದಿದ್ದರೆ ನಮ್ಮ ಸ್ನಾನಕ್ಕೆ.